ಊಟ, ಲೋಳೆ ಮತ್ತು ಕರುಳಿನ ಕಾವಲು

ಬೆಂಗಳೂರಿನ ಯಾವ ಮೆಡಿಕಲ್ ಶಾಪಿಗೆ ಹೋದರೂ ಕೌಂಟರಿನ ಮೇಲೆ ‘ಇಮ್ಯೂನಿಟಿ ಬೂಸ್ಟರ್’ ಎಂದು ಬರೆದ ಒಂದೆರಡು ಡಬ್ಬಿ ಕಣ್ಣಿಗೆ ಬೀಳುತ್ತವೆ. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ಕರುಳಿನ ಮಟ್ಟಿಗೆ ಈ ನಂಬಿಕೆ ತಲೆಕೆಳಗು. ಅಲ್ಲಿ ರೋಗನಿರೋಧಕ ಕೋಶಗಳು ಮಿತಿಮೀರಿ ಕೆರಳಿದರೆ ಬರುವುದು ಆರೋಗ್ಯವಲ್ಲ. ಬರುವುದು ಕರುಳಿನ ಗೋಡೆಯನ್ನೇ ಕೆಡಿಸುವ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್, ಸೀಲಿಯಾಕ್‌ನಂಥ ಕಾಯಿಲೆಗಳು. ಕರುಳಿನ ಕಾವಲಿಗೆ ದಿನವಿಡೀ ಇರುವ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. ಅಕ್ಕಿ, ಬೇಳೆ, ಹಾಲಿನ ಪ್ರೋಟೀನುಗಳೆಲ್ಲ ದೇಹಕ್ಕೆ ಹೊರಗಿನವೇ. ಅವನ್ನು ಒಳಗೆ ಬಿಟ್ಟುಕೊಳ್ಳಬೇಕು, ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಅವುಗಳ ಪಾಡಿಗೆ ಬಿಡಬೇಕು, ಅವುಗಳ ನಡುವೆ ಟೈಫಾಯ್ಡ್ ರೋಗಾಣು ನುಸುಳಿದರೆ ಮಾತ್ರ ಗುರುತು ಹಿಡಿದು ತಡೆಯಬೇಕು. ಈ ವಿವೇಚನೆ ಕೆಡದಂತೆ ಇರುವುದರಲ್ಲಿ ಊಟದ ಪಾತ್ರ ದೊಡ್ಡದು.

ಮೊದಲು ಒಳಗಿನ ಏರ್ಪಾಡು ನೋಡೋಣ. ಬಾಯಿಯಿಂದ ಗುದದವರೆಗಿನ ಜೀರ್ಣಾಂಗದ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 32 ಚದರ ಮೀಟರ್ ಆಗುತ್ತದೆ. ಟೆನಿಸ್ ಕೋರ್ಟಿನಷ್ಟು ಎಂಬ ಹಳೆಯ ಲೆಕ್ಕವನ್ನು 2014ರ ಹೊಸ ಅಳತೆ ಕೆಳಗಿಳಿಸಿತು. ಕರುಳಿನಲ್ಲಿ ಈ ಒಳಮೈಯನ್ನು ಕಾಯುವುದು ಒಂದೇ ಒಂದು ಸಾಲು ಜೀವಕೋಶ. ಮೂರರಿಂದ ಐದು ದಿನಕ್ಕೊಮ್ಮೆ ಹಳೆಯ ಕೋಶಗಳು ಉದುರಿ ಹೊಸವು ಬರುತ್ತವೆ. ಕೋಶ ಕೋಶಗಳ ನಡುವೆ ಪ್ರೋಟೀನಿನ ಬಿಗಿಯಾದ ಬೆಸುಗೆ ಇದೆ. ಸಾಲಿನ ಮೇಲೆ ಲೋಳೆಯ ಹೊದಿಕೆ. ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರ: ಹೊರಗಿನದು ಸಡಿಲ, ಅದರಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ, ಒಳಗಿನದು ಗಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾಗಳು ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಸೇರಿ ಒಂದು ಮಿಲಿಮೀಟರ್ ದಪ್ಪವೂ ಇಲ್ಲ.

ಸಾಲಿನ ಕೆಳಗೆ ರೋಗನಿರೋಧಕ ಕೋಶಗಳ ದೊಡ್ಡ ಪಡೆಯೇ ಬೀಡುಬಿಟ್ಟಿದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ‘ಪೇಯರ್ಸ್ ಪ್ಯಾಚ್’ ಎಂಬ ಗಂಟುಗಳಿವೆ. ಅವುಗಳ ಮೇಲಿನ ವಿಶೇಷ ಕೋಶಗಳು ಕರುಳಿನಲ್ಲಿ ಹಾದುಹೋಗುವುದರ ಮಾದರಿಯನ್ನು ಚೂರುಚೂರೇ ಒಳಗೆಳೆದು ಕೆಳಗಿನ ಕೋಶಗಳಿಗೆ ತೋರಿಸುತ್ತವೆ. ನೋಡಿ ಕಲಿತ ಬಿ ಕೋಶಗಳೆಂಬ ಕಾವಲು ಕೋಶಗಳು ಐಜಿಎ ಎಂಬ ಪ್ರತಿಕಾಯವನ್ನು ಸ್ರವಿಸುತ್ತವೆ, ದಿನಕ್ಕೆ ಮೂರರಿಂದ ಐದು ಗ್ರಾಂ. ಐಜಿಎ ಬ್ಯಾಕ್ಟೀರಿಯಾಗಳ ಮೈಗೆ ಅಂಟಿಕೊಂಡು ಅವು ಕರುಳಿನ ಗೋಡೆಗೆ ಕಚ್ಚಿಕೊಳ್ಳದಂತೆ ತಡೆಯುತ್ತದೆ, ಉರಿಯೂತವನ್ನು ಎಬ್ಬಿಸುವುದಿಲ್ಲ. ಟಿ ಕೋಶಗಳೆಂಬ ಇನ್ನೊಂದು ಗುಂಪಿನ ಕಾವಲು ಕೋಶಗಳಲ್ಲಿ ಒಂದು ಬಗೆ ಉರಿಯೂತ ಎಬ್ಬಿಸುತ್ತದೆ, ಇನ್ನೊಂದು ಬಗೆ ಅದನ್ನು ತಣಿಸುತ್ತದೆ. ತಣಿಸುವವುಗಳ ಹೆಸರು ಟಿ-ರೆಗ್. ಮುಂದೆ ಇವು ಮತ್ತೆ ಮತ್ತೆ ಬರುತ್ತವೆ.

ನಾರು ಸಿಗದಿದ್ದರೆ ಬ್ಯಾಕ್ಟೀರಿಯಾ ಏನು ತಿನ್ನುತ್ತದೆ?

ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶ ದೊಡ್ಡ ಕರುಳಿಗೆ ಹಾಗೆಯೇ ತಲುಪುತ್ತದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಪ್ರಮಾಣದಲ್ಲಿ ಬ್ಯುಟಿರೇಟ್ ಸುಮಾರು ಐದನೇ ಒಂದು ಪಾಲು, ಆದರೆ ಕೆಲಸದಲ್ಲಿ ಅದೇ ಮುಂದು. ದೊಡ್ಡ ಕರುಳಿನ ಗೋಡೆಯ ಕೋಶಗಳು ತಮಗೆ ಬೇಕಾದ ಶಕ್ತಿಯ ಸುಮಾರು 70 ಶೇಕಡಾವನ್ನು ಅದರಿಂದಲೇ ಪಡೆಯುತ್ತವೆ. ಅದನ್ನು ಉರಿಸಲು ಆಮ್ಲಜನಕ ಬೇಕು. ಕೋಶಗಳು ಆಮ್ಲಜನಕವನ್ನು ಬಳಸಿ ಮುಗಿಸುವುದರಿಂದ ಕರುಳಿನ ಒಳಗೆ ಅದು ಸೋರುವುದಿಲ್ಲ. ಆಮ್ಲಜನಕ ಸಿಕ್ಕರೆ ಹಿಗ್ಗುವ ಸಾಲ್ಮೊನೆಲ್ಲಾ, ಕೆಲವು ಜಾತಿಯ ಇ. ಕೋಲಿ ಅಲ್ಲಿ ಬೇರೂರಲು ಒದ್ದಾಡುತ್ತವೆ. ಒಂದು ಆಮ್ಲದಿಂದ ಗೋಡೆಗೂ ಅನ್ನ, ರೋಗಾಣುವಿಗೂ ತಡೆ.

ಬ್ಯುಟಿರೇಟ್‌ಗೆ ಮೂರನೆಯ ಕೆಲಸವೂ ಇದೆ. 2013ರಲ್ಲಿ ಜಪಾನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಇಲಿಗಳಲ್ಲಿ ಇದನ್ನು ಬೇರೆ ಬೇರೆಯಾಗಿ ತೋರಿಸಿದವು: ಈ ಸಣ್ಣ ಕೊಬ್ಬಿನಾಮ್ಲಗಳು ಇದ್ದಾಗ ಕರುಳಿನಲ್ಲಿ ಟಿ-ರೆಗ್ ಕೋಶಗಳು ಹೆಚ್ಚುತ್ತವೆ, ಅಂದರೆ ತಣಿಸುವ ಪಡೆ ಬೆಳೆಯುತ್ತದೆ. ಅವುಗಳಲ್ಲಿ ಬ್ಯುಟಿರೇಟ್ ಟಿ ಕೋಶದ ವಂಶವಾಹಿಗಳಲ್ಲಿ ಯಾವುದು ತೆರೆದಿರಬೇಕು ಎಂಬುದನ್ನೇ ಬದಲಿಸಿ ಈ ಕೆಲಸ ಮಾಡುತ್ತದೆ.

ನಾರು ಇಲ್ಲದಿದ್ದರೆ? ಬ್ಯಾಕ್ಟೀರಿಯಾ ಉಪವಾಸ ಕೂರುವುದಿಲ್ಲ, ಲೋಳೆಯನ್ನು ತಿನ್ನುತ್ತದೆ. ಲೋಳೆಯೂ ಸಕ್ಕರೆ ಸರಪಣಿಗಳಿಂದಲೇ ಆದದ್ದು. ಮನುಷ್ಯನ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಹಾಕಿ, ನಾರಿಲ್ಲದ ಆಹಾರ ಕೊಟ್ಟ 2016ರ ಪ್ರಯೋಗದಲ್ಲಿ ಲೋಳೆ ತಿನ್ನುವ ಜಾತಿಗಳು ಹೆಚ್ಚಿದವು, ಹೊದಿಕೆ ತೆಳುವಾಯಿತು, ಆಮೇಲೆ ಒಡ್ಡಿದ ರೋಗಾಣು ನೇರವಾಗಿ ಗೋಡೆ ಹಿಡಿಯಿತು. ಮನುಷ್ಯರಲ್ಲಿ ಇಷ್ಟು ನೇರವಾಗಿ ಪರೀಕ್ಷಿಸಲಾಗದು. ಆದರೂ ಕಾರಣ–ಪರಿಣಾಮದ ಸರಪಳಿ ಇಷ್ಟು ಸ್ಪಷ್ಟವಾಗಿ ಕಾಣುವ ಪೋಷಕಾಂಶ ಇನ್ನೊಂದಿಲ್ಲ. ಡಬ್ಬಿಗಳಿಗೆ ಹಣ ಸುರಿಯುವ ಮೊದಲು ನಾರಿನ ಲೆಕ್ಕ ಹಾಕಿ ಎನ್ನುವುದು ಇದಕ್ಕಾಗಿ.

ನಮ್ಮ ತಟ್ಟೆಯ ಲೆಕ್ಕ

ಭಾರತೀಯರಿಗೆ 2,000 ಕಿಲೊಕ್ಯಾಲರಿ ಊಟದಲ್ಲಿ ಸುಮಾರು 30 ಗ್ರಾಂ ನಾರು ಇರಬೇಕು. ಈಗ ನಗರದ ಒಂದು ಸಾಧಾರಣ ದಿನ ನೋಡಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ತೆಳ್ಳನೆ ಸಾರು, ಎರಡು ಚಮಚ ಪಲ್ಯ, ಸಂಜೆ ಕಾಫಿಗೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಸಹ ಇಲ್ಲ. ಮೂರು ಹೊತ್ತಿನ ಅಕ್ಕಿ, ಹದಿನೈದು ಇಪ್ಪತ್ತು ಗ್ರಾಂ ಬೇಳೆ, ಹೆಸರಿಗೊಂದಿಷ್ಟು ತರಕಾರಿ ಎಲ್ಲ ಸೇರಿಸಿದರೂ ಲೆಕ್ಕ 15 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ. ಬೇಕಾದ್ದರಲ್ಲಿ ಅರ್ಧ.

ಅದೇ ಪಟ್ಟಿಯಲ್ಲಿ ರಾಗಿಗೆ 11 ಗ್ರಾಂ, ಜೋಳಕ್ಕೆ 10, ಇಡೀ ಹೆಸರುಕಾಳಿಗೆ 17, ಇಡೀ ಕಡಲೆಕಾಳಿಗೆ 25, ಸೀಬೆಹಣ್ಣಿಗೆ ಎಂಟೂವರೆ. ಒಂದು ಹೊತ್ತು 80 ಗ್ರಾಂ ಹಿಟ್ಟಿನ ಮುದ್ದೆ ಉಂಡರೆ 9 ಗ್ರಾಂ. ಅದರ ಜೊತೆ 30 ಗ್ರಾಂ ಹೆಸರುಕಾಳು ಹಾಕಿದ ಬಸ್ಸಾರು ಇದ್ದರೆ 5. ಅದಕ್ಕೇ ಬಳಸಿದ 100 ಗ್ರಾಂ ದಂಟಿನ ಸೊಪ್ಪಿನಿಂದ ಸುಮಾರು 4. ಸಂಜೆ ಬಿಸ್ಕತ್ತಿನ ಬದಲು ಒಂದು ಸೀಬೆಹಣ್ಣು ತಿಂದರೆ 8. ಇಷ್ಟಕ್ಕೇ 26 ಆಯಿತು. ಉಳಿದ ಊಟ ಹೇಗಿದ್ದರೂ 30 ದಾಟುತ್ತದೆ. ಬಸ್ಸಾರಿಗೆ ಇನ್ನೊಂದು ಗುಣವಿದೆ. ಕಾಳು ಸೊಪ್ಪು ಬೆಂದ ನೀರನ್ನು ಬಸಿದು ಅದರಲ್ಲೇ ಸಾರು ಮಾಡುವುದರಿಂದ ನೀರಿಗಿಳಿದ ಫೋಲೇಟ್‌ನಂಥ ಜೀವಸತ್ವಗಳು ಚರಂಡಿ ಸೇರುವುದಿಲ್ಲ.

ಎಲ್ಲಿ ತಪ್ಪುತ್ತದೆ ಎಂದೂ ಹೇಳಬೇಕು. ಅವರೆಕಾಯಿ ಕಾಲದಲ್ಲಿ ಬೆಂಗಳೂರಿಗರು ಇಷ್ಟಪಟ್ಟು ತಿನ್ನುವ ಹಿದುಕಿದಬೇಳೆಯಲ್ಲಿ ನಾರು ತುಂಬಿದ ಸಿಪ್ಪೆಯೇ ಹೊರಗೆ ಹೋಗಿರುತ್ತದೆ. ರುಚಿಗೆ ಅದನ್ನೇ ಮಾಡಿ, ಆದರೆ ವಾರದಲ್ಲಿ ಎರಡು ದಿನ ಸಿಪ್ಪೆ ಸಮೇತದ ಕಾಳನ್ನೂ ಬೇಯಿಸಿ. ‘ರಾಗಿ ಬಿಸ್ಕತ್ತು’, ‘ಸಿರಿಧಾನ್ಯ ನೂಡಲ್ಸ್’ ಪೊಟ್ಟಣಗಳ ಹಿಂಬದಿ ಓದಿದರೆ ಎಷ್ಟೋ ಸಲ ಮೊದಲ ಹೆಸರು ಮೈದಾ ಅಥವಾ ಗೋಧಿಹಿಟ್ಟು. ರಾಗಿಯ ಶೇಕಡಾವಾರು ಬರೆದಿದೆಯೇ ನೋಡಿ. ಹಣ್ಣಿನ ರಸದಲ್ಲಿ ನಾರು ಸೋಸಿ ಹೋಗಿರುತ್ತದೆ.

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಅವಸರ. 15ರಲ್ಲಿದ್ದವರು ಒಂದೇ ದಿನಕ್ಕೆ 30ಕ್ಕೆ ಹಾರಿದರೆ ಹೊಟ್ಟೆ ಉಬ್ಬರ, ವಾಯು, ಕೆಲವರಿಗೆ ಭೇದಿ. ‘ನನಗೆ ಕಾಳು ಆಗಿಬರಲ್ಲ’ ಎಂದು ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ನಾರು ಹುದುಗಿದಾಗ ಗ್ಯಾಸ್ ಬರುವುದು ಸಹಜ, ಬ್ಯಾಕ್ಟೀರಿಯಾಗಳ ಸಂಖ್ಯೆ ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ವಾರಕ್ಕೆ 5 ಗ್ರಾಂನಂತೆ ಏರಿಸಿ: ಮೊದಲ ವಾರ ಹಣ್ಣು, ಎರಡನೇ ವಾರ ದಿನಕ್ಕೊಂದು ಸೊಪ್ಪು, ಮೂರನೇ ವಾರ ಅರ್ಧ ಮುದ್ದೆ, ಕಾಳು ಕೊನೆಗೆ. ಕಾಳನ್ನು 8ರಿಂದ 12 ತಾಸು ನೆನೆಸಿ, ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ತರುವ ಸಕ್ಕರೆಗಳು ಒಂದಷ್ಟು ಹೋಗುತ್ತವೆ. ನೀರು ಕುಡಿಯುವುದೂ ಹೆಚ್ಚಬೇಕು, ಇಲ್ಲದಿದ್ದರೆ ಮಲಬದ್ಧತೆ ಕೂಡುತ್ತದೆ. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾಗಿರುವವರು ಇದನ್ನು ತಾವಾಗಿ ಮಾಡಬಾರದು, ಒರಟು ನಾರು ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ತಂಗಳನ್ನದ ಬಗ್ಗೆ ಈಗ ಮತ್ತೆ ಮಾತು ಶುರುವಾಗಿದೆ. ಬೆಂದ ಅನ್ನ ತಣ್ಣಗಾದಾಗ ಪಿಷ್ಟದ ಒಂದು ಭಾಗ ಮತ್ತೆ ಗಟ್ಟಿಯಾಗಿ, ಜೀರ್ಣವಾಗದೆ ದೊಡ್ಡ ಕರುಳು ತಲುಪಿ ನಾರಿನಂತೆ ವರ್ತಿಸುತ್ತದೆ ಎಂಬುದು ನಿಜ. ಪ್ರಮಾಣ ಮಾತ್ರ ಕಡಿಮೆ, ಅದನ್ನೇ ನಂಬಿ ಕೂರುವಂತಿಲ್ಲ. ಜೊತೆಗೆ ಒಂದು ಅಪಾಯ: ಅನ್ನವನ್ನು ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತದೆ, ಮತ್ತೆ ಕುದಿಸಿದರೂ ಆ ವಿಷ ನಾಶವಾಗದು. ಎರಡು ತಾಸಿನೊಳಗೆ ಫ್ರಿಜ್ಜಿಗೆ ಇಡಿ.

ವಿಟಮಿನ್ ಎ ಮತ್ತು ಒಗ್ಗರಣೆಯ ಎಣ್ಣೆ

ಕರುಳಿನಲ್ಲಿ ಮಾದರಿ ನೋಡಿ ಕಲಿತ ಟಿ ಮತ್ತು ಬಿ ಕೋಶಗಳು ರಕ್ತಕ್ಕೆ ಇಳಿದು ಮೈಯೆಲ್ಲ ಸುತ್ತುತ್ತವೆ. ಅವು ಮತ್ತೆ ಕರುಳಿಗೇ ಹಿಂದಿರುಗಬೇಕೆಂದು ತಿಳಿಯುವುದು ಹೇಗೆ? ಮಾದರಿಯನ್ನು ತೋರಿಸಿ ಕಲಿಸುವ ಕರುಳಿನ ಡೆಂಡ್ರಿಟಿಕ್ ಕೋಶಗಳು ವಿಟಮಿನ್ ಎಯಿಂದ ರೆಟಿನೋಯಿಕ್ ಆಮ್ಲ ತಯಾರಿಸಿ, ಆ ಟಿ, ಬಿ ಕೋಶಗಳ ಮೈಮೇಲೆ ಕರುಳಿನ ವಿಳಾಸದ ಗುರುತು ಮೂಡಿಸುತ್ತವೆ. ವಿಟಮಿನ್ ಎ ಕೊರತೆ ಇದ್ದರೆ ಕೋಶಗಳು ಹುಟ್ಟಿದರೂ ವಿಳಾಸ ತಪ್ಪುತ್ತವೆ. ಐಜಿಎ ತಯಾರಿಗೂ ಟಿ-ರೆಗ್ ಹುಟ್ಟಿಗೂ ಇದೇ ಆಮ್ಲ ಬೇಕು. ಮಕ್ಕಳಿಗೆ ಒಂಬತ್ತು ತಿಂಗಳಿಗೆ ಶುರುಮಾಡಿ ಐದು ವರ್ಷದವರೆಗೆ ಆರಾರು ತಿಂಗಳಿಗೆ ಹಾಕುವ ವಿಟಮಿನ್ ಎ ದ್ರಾವಣ ಕಣ್ಣಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಕರುಳಿನ ಕಾವಲಿಗೂ ಅದು ಬೇಕು.

ದೊಡ್ಡವರಿಗೆ ನುಗ್ಗೆಸೊಪ್ಪು, ಹರಿವೆ, ಮೆಂತ್ಯ, ಕ್ಯಾರೆಟ್, ಸಿಹಿಗುಂಬಳ, ಪಪಾಯ ಸಾಕು. ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಇವುಗಳ ಬೀಟಾ ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಡಯಟ್ ಎಂದು ಸೊಪ್ಪನ್ನು ಬರೀ ನೀರಲ್ಲಿ ಬೇಯಿಸಿ ತಿಂದರೆ ಹೀರಿಕೆ ಕುಸಿಯುತ್ತದೆ. ಒಂದು ಚಮಚ ಎಣ್ಣೆಯ ಒಗ್ಗರಣೆ, ಇಲ್ಲವೇ ಒಂದಿಷ್ಟು ಕಾಯಿತುರಿ ಇರಲಿ. ವಿಟಮಿನ್ ಎ ಮಾತ್ರೆಯನ್ನು ತಾವೇ ಕೊಂಡು ನುಂಗಬಾರದು. ಅದು ಯಕೃತ್ತಿನಲ್ಲಿ ಶೇಖರವಾಗುತ್ತದೆ, ಗರ್ಭಿಣಿಯರಲ್ಲಿ ಭ್ರೂಣಕ್ಕೆ ಅಪಾಯ.

ಹೂಕೋಸು, ಎಲೆಕೋಸು, ನವಿಲುಕೋಸು, ಮೂಲಂಗಿ ಒಂದೇ ಕುಟುಂಬದವು. ಇವುಗಳ ಕೆಲವು ಅಂಶಗಳು ಹೊಟ್ಟೆಯ ಆಮ್ಲದಲ್ಲಿ ಬದಲಾಗಿ, ಕರುಳಿನ ಕೋಶಗಳೊಳಗಿನ ಒಂದು ಸಂವೇದಕಕ್ಕೆ ಕೂರುತ್ತವೆ. ಆ ಸಂವೇದಕ ಚುರುಕಾಗಿದ್ದರೆ ಗೋಡೆಯ ರಿಪೇರಿಗೆ ಬೇಕಾದ ಸಂಕೇತಗಳು ಹೊರಡುತ್ತವೆ. ಇಲಿಗಳಲ್ಲಿ ಈ ಆಹಾರ ತಪ್ಪಿಸಿದಾಗ ಗೋಡೆಯೊಳಗಿನ ಕಾವಲು ಕೋಶಗಳು ಇಳಿದದ್ದು 2011ರಲ್ಲೇ ಕಂಡಿದೆ. ಅತಿಯಾಗಿ ಬೇಯಿಸಿದರೆ ಈ ಅಂಶ ತಯಾರಿಸುವ ಕಿಣ್ವ ಸಾಯುತ್ತದೆ, ಹಾಗಾಗಿ ಮೂಲಂಗಿಯನ್ನು ಕೋಸಂಬರಿಯಲ್ಲಿ ಹಸಿಯಾಗಿ ಹಾಕುವುದು ಜಾಣತನ.

ಸತುವಿನ ವಿಷಯಕ್ಕೆ ಗಟ್ಟಿ ಆಧಾರವಿದೆ. ಗೋಡೆಯ ಬೆಸುಗೆಗೂ, ಸಣ್ಣ ಕರುಳಿನ ಗೋಡೆಯ ಪುಟ್ಟ ಕುಳಿಗಳ ತಳದಲ್ಲಿ ರೋಗಾಣುನಾಶಕ ಪ್ರೋಟೀನು ಸುರಿಸುವ ಕೋಶಗಳಿಗೂ ಸತು ಬೇಕು. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ ಸತುವಿನ ಮಾತ್ರೆ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ: ವೈದ್ಯರು ಹೇಳಿದ ಪ್ರಮಾಣದಲ್ಲಿ, ಹತ್ತರಿಂದ ಹದಿನಾಲ್ಕು ದಿನ. ಭೇದಿ ನಿಂತ ಕೂಡಲೇ ಮಾತ್ರೆ ನಿಲ್ಲಿಸುವುದು ಮನೆಗಳಲ್ಲಿ ನಡೆಯುವ ತಪ್ಪು. ಮುಂದಿನ ತಿಂಗಳುಗಳಲ್ಲಿ ಭೇದಿ ಮರುಕಳಿಸದಂತೆ ತಡೆಯುವುದು ಉಳಿದ ದಿನಗಳ ಡೋಸು. ಕಾಳು, ಧಾನ್ಯಗಳಲ್ಲಿ ಸತು ಇದ್ದರೂ ಅವುಗಳಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟುವುದು, ಹಿಟ್ಟು ಹುದುಗಿಸುವುದು ಆ ಹಿಡಿತ ಸಡಿಲಿಸುತ್ತವೆ.

ಕಬ್ಬಿಣದ್ದು ಬೇರೆ ಕಥೆ. ಅದು ನಮಗೂ ಬೇಕು, ರೋಗಾಣುವಿಗೂ ಬೇಕು. ಕೆನ್ಯಾದ ಶಿಶುಗಳಿಗೆ ಕಬ್ಬಿಣ ಬೆರೆಸಿದ ಪುಡಿ ಕೊಟ್ಟ ಪ್ರಯೋಗದಲ್ಲಿ, ಹೀರಿಕೆಯಾಗದ ಕಬ್ಬಿಣ ದೊಡ್ಡ ಕರುಳು ತಲುಪಿ ರೋಗಕಾರಕ ಇ. ಕೋಲಿ ಹೆಚ್ಚಿತು, ಉರಿಯೂತದ ಗುರುತೂ ಏರಿತು. ರಕ್ತಹೀನತೆ ಇರುವವರು ವೈದ್ಯರು ಬರೆದ ಮಾತ್ರೆ ಬಿಡಬೇಕೆಂದು ಇದರರ್ಥವಲ್ಲ. ರಕ್ತಪರೀಕ್ಷೆ ಇಲ್ಲದೆ ‘ಶಕ್ತಿಗೆ’ ಎಂದು ನುಂಗಬೇಡಿ, ಊಟದ ಕಬ್ಬಿಣ ಚೆನ್ನಾಗಿ ಹೀರಿಕೆಯಾಗಲು ನಿಂಬೆ ಹಿಂಡಿ, ತಿಂಡಿಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿಯುವ ಬದಲು ಒಂದು ತಾಸು ತಡೆಯಿರಿ. ಬೆಂಗಳೂರಿಗರಿಗೆ ಕೊನೆಯದು ಎಷ್ಟು ಕಷ್ಟ ಎಂದು ಗೊತ್ತು.

ಇಡ್ಲಿ ಪ್ರೊಬಯಾಟಿಕ್ಕೇ?

ಅಲ್ಲ. ಪ್ರೊಬಯಾಟಿಕ್ ಎಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಹಿಟ್ಟು ಹುದುಗುವಾಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಧಾರಾಳವಾಗಿರುತ್ತವೆ, ಆದರೆ ಹಬೆಯಲ್ಲಿ ಹತ್ತು ನಿಮಿಷ ಬೆಂದ ಮೇಲೆ ಒಂದೂ ಬದುಕಿರುವುದಿಲ್ಲ. ಇಡ್ಲಿಯಿಂದ ಸಿಗುವುದು ಫೈಟೇಟ್ ಇಳಿದು ಸತು, ಕಬ್ಬಿಣ ಸುಲಭವಾಗುವ ಲಾಭ, ಅದು ಸಣ್ಣದಲ್ಲ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರು, ಮಜ್ಜಿಗೆ. ಅದನ್ನೂ ಮಜ್ಜಿಗೆಹುಳಿ ಮಾಡಿ ಕುದಿಸಿದರೆ ಅದೇ ಗತಿ. ಮೊಸರನ್ನಕ್ಕೆ ಅನ್ನ ಬೆರಳು ತಡೆಯುವಷ್ಟು ಆರಿದ ಮೇಲೆ ಮೊಸರು ಕಲಸಿ, ಒಗ್ಗರಣೆಯೂ ಆರಿರಲಿ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಲ್ಲಿ ನೆಲೆಯೂರುವುದಿಲ್ಲ, ಕೆಲವು ದಿನಗಳಲ್ಲಿ ಹೊರಟುಹೋಗುತ್ತವೆ, ಹಾಗಾಗಿ ವಾರಕ್ಕೊಮ್ಮೆ ಬಟ್ಟಲುಗಟ್ಟಲೆ ತಿನ್ನುವುದಕ್ಕಿಂತ ದಿನಾ ಒಂದು ಲೋಟ ಮಜ್ಜಿಗೆ ಲೇಸು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ಮುಖ್ಯ. ಹತ್ತು ವಾರ ಹುದುಗಿಸಿದ ಆಹಾರ ಹೆಚ್ಚು ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ನಾರು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಅವಧಿಗೆ ವೈವಿಧ್ಯ ಏರಲಿಲ್ಲ. ನಾರು ವ್ಯರ್ಥ ಎಂದು ಇದನ್ನು ಓದಬಾರದು. ನಾರನ್ನು ಒಡೆಯುವ ಜಾತಿಗಳು ಒಮ್ಮೆ ಕಳೆದುಹೋದರೆ ಬರೀ ನಾರು ಸುರಿದು ಅವನ್ನು ಬೇಗ ಮರಳಿ ತರಲಾಗದು ಎಂಬುದು ಹೆಚ್ಚು ಒಪ್ಪುವ ವಿವರಣೆ. ಕೋಸಂಬರಿ, ಕಾಳುಪಲ್ಯದ ಪಕ್ಕಕ್ಕೆ ಮಜ್ಜಿಗೆ ಇಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಎದುರು ದಿಕ್ಕಿಗೆ ಎಳೆಯುವ ಆಹಾರಗಳಲ್ಲಿ, ಎಣ್ಣೆ ನೀರು ಬೇರೆಯಾಗದಂತೆ ಬೆರೆಸಿಡುವ ಎಮಲ್ಸಿಫೈಯರ್‌ಗಳ ಬಗ್ಗೆ ಅಧ್ಯಯನ ಗಂಭೀರವಾಗಿ ನಡೆದಿದೆ. ಐಸ್‌ಕ್ರೀಮ್, ಪ್ಯಾಕೆಟ್ ಕೇಕು, ಸಾಸುಗಳ ಮೇಲೆ ಐಎನ್‌ಎಸ್ 466 ಎಂದಿದ್ದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, 433 ಎಂದಿದ್ದರೆ ಪಾಲಿಸಾರ್ಬೇಟ್ 80. 2015ರಲ್ಲಿ ಇವೆರಡೂ ಇಲಿಗಳ ಲೋಳೆ ತೆಳುವಾಗಿಸಿ ಬ್ಯಾಕ್ಟೀರಿಯಾಗಳನ್ನು ಗೋಡೆಯ ಹತ್ತಿರಕ್ಕೆ ಬಿಟ್ಟವು. ಮನುಷ್ಯರ ಮೇಲಿನ ಒಂದು ಸಣ್ಣ ಪ್ರಯೋಗದಲ್ಲಿ 466 ಅನ್ನು ದಿನಕ್ಕೆ 15 ಗ್ರಾಂನಂತೆ 11 ದಿನ ಕೊಟ್ಟಾಗ ಬ್ಯಾಕ್ಟೀರಿಯಾಗಳ ವೈವಿಧ್ಯ ಇಳಿಯಿತು. 15 ಗ್ರಾಂ ಎಂದರೆ ಸಾಮಾನ್ಯರ ಸೇವನೆಗಿಂತ ಬಹಳ ಹೆಚ್ಚು. ಭಾನುವಾರದ ಐಸ್‌ಕ್ರೀಮಿಗೆ ಹೆದರಬೇಕಿಲ್ಲ, ಮೂರು ಹೊತ್ತೂ ಪೊಟ್ಟಣದ ಊಟವಾದರೆ ಯೋಚಿಸಬೇಕು.

ಶಿಶುವಿನ ಕರುಳು ಏನನ್ನು ಸಹಿಸಬೇಕೆಂದು ಆಹಾರದಿಂದಲೇ ಕಲಿಯುತ್ತದೆ. ಎದೆಹಾಲಿನಲ್ಲಿ ಸಿದ್ಧ ಐಜಿಎ ಇದೆ, ಮಗುವಿಗೆ ಜೀರ್ಣವಾಗದ, ಮುಖ್ಯವಾಗಿ ಬಿಫಿಡೋಬ್ಯಾಕ್ಟೀರಿಯಾಗಳೆಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಸಕ್ಕರೆಗಳೂ ಇವೆ. ಮೊದಲ ಆರು ತಿಂಗಳು ಅದೊಂದೇ ಸಾಕು. ಆಮೇಲೆ ಅಲರ್ಜಿ ಭಯಕ್ಕೆ ಕಡಲೆಕಾಯಿ, ಮೊಟ್ಟೆಯನ್ನು ವರ್ಷಗಟ್ಟಲೆ ಮುಂದೂಡುವ ಹಳೆಯ ಸಲಹೆ ಈಗ ಬಿದ್ದುಹೋಗಿದೆ. ಬ್ರಿಟನ್ನಿನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ವರ್ಷದಲ್ಲೇ ಕಡಲೆಕಾಯಿ ತಿನ್ನಿಸಲು ಶುರುಮಾಡಿದ ಮಕ್ಕಳಲ್ಲಿ ಅದರ ಅಲರ್ಜಿ ಸುಮಾರು 80 ಶೇಕಡಾ ಕಡಿಮೆ ಕಂಡಿತು. ಕೊಡುವುದು ನುಣ್ಣಗೆ ಅರೆದು, ಗಂಜಿಗೆ ಕಲಸಿ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೀವ್ರ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ ಮಗುವಾದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿ.

ಗೋಧಿ ಬಿಡುವ ಮೊದಲು

ಹೊಟ್ಟೆ ಉಬ್ಬರವಾದರೆ ಗ್ಲೂಟನ್ ಎಂಬ ಗೋಧಿಯ ಪ್ರೋಟೀನನ್ನು ಬಿಡುವ ಫ್ಯಾಷನ್ ನಗರದಲ್ಲಿ ಜೋರಾಗಿದೆ. ಸೀಲಿಯಾಕ್ ನಿಜವಾದ ಕಾಯಿಲೆ. ಗೋಧಿಯ ಗ್ಲೂಟನ್ನಿಗೆ ಕರುಳಿನ ಟಿ ಕೋಶಗಳು ಕೆರಳಿ ಗೋಡೆಯನ್ನೇ ಸವೆಸುತ್ತವೆ. ಆದರೆ ಭಾರತದ ಮೂರು ಕಡೆ ನಡೆದ ದೊಡ್ಡ ಸಮೀಕ್ಷೆಯಲ್ಲಿ ಅದು ಉತ್ತರದಲ್ಲಿ ನೂರಕ್ಕೆ ಒಬ್ಬರ ಆಸುಪಾಸು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟೇ ಕಂಡಿತು. ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ ಎಂಬ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿ, ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಿಸಿ. ಐಜಿಎಯೇ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲವೆನ್ನುತ್ತದೆ. ಮೊದಲೇ ಗೋಧಿ ಬಿಟ್ಟು ಹೋದರೂ ಅದೇ ತೊಂದರೆ: ಪ್ರತಿಕಾಯ ಇಳಿದಿರುತ್ತದೆ, ಪರೀಕ್ಷೆಗಾಗಿ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ.

ನೂರಿನ್ನೂರು ಆಹಾರಗಳಿಗೆ ಒಟ್ಟಿಗೇ ಮಾಡುವ ಐಜಿಜಿ ‘ಫುಡ್ ಇನ್‌ಟಾಲರೆನ್ಸ್’ ಪರೀಕ್ಷೆಗೆ ಹಣ ಕೊಡಬೇಡಿ. ಐಜಿಜಿ ಇನ್ನೊಂದು ಬಗೆಯ ಪ್ರತಿಕಾಯ, ಅದು ಹೇಳುವುದು ಆ ಆಹಾರವನ್ನು ನೀವು ತಿನ್ನುತ್ತಿದ್ದೀರಿ ಎಂದಷ್ಟೇ. ವರದಿ ನಂಬಿ ಹಾಲು, ಗೋಧಿ, ಕಾಳು, ಮೊಟ್ಟೆ ಎಲ್ಲ ಬಿಟ್ಟವರಲ್ಲಿ ಮೇಲೆ ಹೇಳಿದ ನಾರು, ಸತು, ಪ್ರೋಟೀನು ಒಟ್ಟಿಗೇ ಇಳಿಯುತ್ತವೆ.

ಊಟ ಸರಿಪಡಿಸುವುದರಿಂದ ಹೋಗದ ಲಕ್ಷಣಗಳೂ ಇವೆ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಟ್ಟು ಬಿಟ್ಟು ಬರುವ ಜ್ವರ, ಮಾತ್ರೆ ತಿಂದರೂ ಏರದ ಹಿಮೋಗ್ಲೋಬಿನ್. ಇವುಗಳಲ್ಲಿ ಒಂದಿದ್ದರೂ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಿ. ಸಾಮಾನ್ಯವಾಗಿ ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ, ಉರಿಯೂತವಿದ್ದಾಗ ಏರುವ ಪ್ರೋಟೀನಿನ ಅಳತೆ ಒಂದು. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನ ಉರಿಯೂತದ ಕಾಯಿಲೆಯ ಸಾಧ್ಯತೆ ಬಹಳ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಈ ಅಂಕಿಯನ್ನು ಏರಿಸುತ್ತವೆ, ಹಾಗಾಗಿ ಇತ್ತೀಚೆಗೆ ನುಂಗಿದ್ದರೆ ಮಾದರಿ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ.